ನಮ್ಮ ಮನೆಯ ಪೇತ್ರ

ಬೇಸಿಗೆಯ ಭಾನುವಾರ ಎಲ್ಬೆ ನದಿಯ ಮರಳು ದಂಡೆಗೆ ಇಳಿದರೆ ಮೊದಲು ಮೂಗಿಗೆ ಬಡಿಯುವುದು ಇದ್ದಲಿನ ಹೊಗೆ. ಹ್ಯಾಂಬರ್ಗಿನ ಜನಕ್ಕೆ ಬಿಸಿಲು ಸಿಗುವುದೇ ಅಪರೂಪ. ಸಿಕ್ಕ ದಿನ ಊರಿಗೆ ಊರೇ ಅಲ್ಲಿ ಬಂದು ಕೂತು ತಗಡಿನ ಒಲೆ ಹೊತ್ತಿಸಿ ಮಾಂಸ ಸುಡುತ್ತದೆ. ಆ ಹೊಗೆ ನನ್ನನ್ನು ಏನೂ ಮಾಡುವುದಿಲ್ಲ. ಆದರೆ ಒಮ್ಮೊಮ್ಮೆ ಯಾವುದೋ ಪೋರ್ಚುಗೀಸ್ ಸಂಸಾರ ಮೀನು ಇಟ್ಟಿರುತ್ತದೆ. ಮೀನಿನ ಚರ್ಮ ಸೀದು, ಅದರ ಎಣ್ಣೆ ಹನಿಹನಿಯಾಗಿ ಕೆಂಡದ ಮೇಲೆ ಬಿದ್ದು ಚುಯ್ ಎನ್ನುತ್ತದೆ. ಅಷ್ಟು ಸಾಕು, ನನ್ನ ಕಾಲು ಅಲ್ಲೇ ನಿಂತುಬಿಡುತ್ತದೆ. ಮಗಳು ಕೈ ಜಗ್ಗಿ "ಮಾಮಾ, ಕೊಮ್!" ಎಂದು, ಅಮ್ಮಾ ಬಾ ಎಂದು, ಕರೆಯುತ್ತಾಳೆ. ನಾನು ಕನ್ನಡದಲ್ಲಿ "ಬಂದೆ, ತಡಿ" ಎನ್ನುತ್ತೇನೆ. ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಜರ್ಮನ್ನಿನಲ್ಲೇ ಬರುತ್ತದೆ. ಅವಳಿಗೆ ಹೇಗೆ ಹೇಳಲಿ, ಈ ವಾಸನೆಯ ಹಿಂದೆ ಒಂದು ಅಡುಗೆಮನೆ ಇತ್ತು, ಆ ಅಡುಗೆಮನೆಯಲ್ಲಿ ಪೇತ್ರನೆಂಬ ಮನುಷ್ಯ ನನ್ನ ಕಣ್ಣೆದುರಿಗೇ ಬಿದ್ದು ನನ್ನ ಕಣ್ಣೆದುರಿಗೇ ಎದ್ದ ಎಂದು? ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ಬಾಗಿಲು ಹೋಗಿದೆ, ಗೋಡೆ ಹೋಗಿದೆ, ವಾಸನೆ ಉಳಿದಿದೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಹ್ಯಾಂಬರ್ಗಿನ ಆಲ್ಟೋನಾ ಬಡಾವಣೆಯಲ್ಲಿ, ಹಿಂಬದಿಯ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ. ಬದುಕೆಲ್ಲ ನಡೆಯುತ್ತಿದ್ದುದು ಅಡುಗೆಮನೆಯಲ್ಲೇ. ಅಪ್ಪ ಮೀನಿನ ಗೋದಾಮಿನಲ್ಲಿ ಮೀನು ಸೀಳುವ ಕೆಲಸಕ್ಕಿದ್ದ. ಬೆಟಗೇರಿಯ ನೇಕಾರರ ಮಗ, ಇಪ್ಪತ್ತು ದಾಟುವವರೆಗೆ ಸಮುದ್ರವನ್ನೇ ಕಾಣದವನು, ಇಲ್ಲಿ ಬಂದು ದಿನವಿಡೀ ಮಂಜುಗಡ್ಡೆಯಲ್ಲಿ ಕೈ ಇಟ್ಟು ಮೀನು ಸೀಳುತ್ತಿದ್ದ. ಅವನ ಕೈಯ ವಾಸನೆ ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಅವ್ವ ವೃದ್ಧಾಶ್ರಮವೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು, ಅವಳ ಸೀರೆಗೆ, ಸ್ವೆಟರಿಗೆ ಬಿಸಿ ಇಸ್ತ್ರಿಯ ವಾಸನೆ. ಈ ಎರಡು ವಾಸನೆಗಳ ನಡುವೆ, ಊರಿಂದ ಯಾರೋ ತಂದುಕೊಟ್ಟ ಜೋಳದ ಹಿಟ್ಟಿನಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತ ನಾನು ಬೆಳೆದೆ. ಕೆಳಗಿನ ಮನೆಯ ಮುದುಕಿ ಮೊದಮೊದಲು ಪೊರಕೆಯ ಕೋಲಿನಿಂದ ಚಾವಣಿ ಕುಟ್ಟುತ್ತಿದ್ದಳು. ಅವ್ವ ಒಂದು ದಿನ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟು ಬಂದ ಮೇಲೆ ಕುಟ್ಟುವುದು ನಿಂತಿತು.

ಅಪ್ಪನನ್ನು ಈ ದೇಶಕ್ಕೆ ಕರೆದವರು ಮಾಸ್ತರರು. ಬೆಟಗೇರಿಯ ಮಿಶನ್ ಶಾಲೆಯಲ್ಲಿ ಅವರು ಮಾಸ್ತರರಾಗಿದ್ದರು, ಅಪ್ಪ ಅವರ ಕೈಕೆಳಗೆ ಏಳನೇ ತರಗತಿಯವರೆಗೆ ಓದಿ ಮಗ್ಗಕ್ಕೆ ಕೂತವನು. ಹೆಂಡತಿ ತೀರಿಕೊಂಡ ಮೇಲೆ ಮಾಸ್ತರರು ಇಲ್ಲಿನ ಒಂದು ಚರ್ಚಿನವರ ಕರೆಗೆ ಓಗೊಟ್ಟು ಬಂದು, ಕೊನೆಗೆ ಆ ಚರ್ಚಿನ ಕ್ಯೂಸ್ಟರ್ ಆಗಿ ಉಳಿದರು. ಕ್ಯೂಸ್ಟರ್ ಅಂದರೆ ಗಂಟೆ ಹೊಡೆಯುವವನು, ಬಾಗಿಲು ತೆಗೆಯುವವನು, ಮೆಟ್ಟಿಲ ಮೇಲಿನ ಹಿಮ ಎಳೆದು ಹಾಕುವವನು, ಎಲ್ಲವೂ. ಮೀನಿನ ಗೋದಾಮಿನಲ್ಲಿ ಆಳು ಬೇಕೆಂದು ಗೊತ್ತಾದಾಗ ಅವರು ಊರಿಗೆ ಹೇಳಿ ಕಳಿಸಿದ್ದು ಒಂದೇ ಮಾತು, ಬಾ ಎಂದು. ಅಪ್ಪ ಅರ್ಧ ನೇಯ್ದ ಸೀರೆಯನ್ನು ಮಗ್ಗದ ಮೇಲೆಯೇ ಬಿಟ್ಟು ಎದ್ದನಂತೆ. ನಮ್ಮ ಅಜ್ಜಿ ಸಾಯುವವರೆಗೆ ಆ ಸೀರೆಯ ಮಾತು ತೆಗೆದು ಮಾಸ್ತರರನ್ನು ಬೈಯುತ್ತಿದ್ದಳು. ನನಗೆ ಮಾತ್ರ ಚಿಕ್ಕಂದಿನಿಂದ ಅದೊಂದು ಪವಾಡದ ಕಥೆಯಾಗಿಯೇ ಕೇಳಿಸಿದೆ. ಗಲಿಲಾಯ ಸಮುದ್ರದ ದಂಡೆಯಲ್ಲಿ ಸುವಾರ್ತೆಯ ಗುರು ಬಾ ಎಂದಾಗ ಸೀಮೋನನೆಂಬ ಬೆಸ್ತ, ಮುಂದೆ ಪೇತ್ರನೆನಿಸಿದವನು, ಬಲೆ ಬಿಟ್ಟು ಎದ್ದದ್ದೂ ಹೀಗೆಯೇ ಅಲ್ಲವೆ? ಸಂಬಳ ಎಷ್ಟು ಎಂದು ಕೇಳಲಿಲ್ಲ, ಎಲ್ಲಿಗೆ ಎಂದು ಕೇಳಲಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬನ ಒಂದು ಮಾತಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಡೆದುಬಿಡುವುದು ಎಂದರೆ ಏನು, ಇವತ್ತಿಗೂ ನನ್ನ ಬುದ್ಧಿಗೆ ನಿಲುಕುವುದಿಲ್ಲ.

ಭಾನುವಾರ ಸಂಜೆ ನಮ್ಮ ಅಡುಗೆಮನೆಯಲ್ಲಿ ಕನ್ನಡ ಓದು ನಡೆಯುತ್ತಿತ್ತು. ಬರುವವರು ಹೆಚ್ಚಿರಲಿಲ್ಲ: ಮಾಸ್ತರರು, ನಾವು ಮೂವರು, ಉಡುಪಿ ಕಡೆಯ ಲಾರೆನ್ಸ್ ಮಾಮ, ಹಡಗು ಊರಿಗೆ ಬಂದಾಗ ಅದರ ಒಬ್ಬಿಬ್ಬರು ಹುಡುಗರು. ಲಾರೆನ್ಸ್ ಮಾಮ ಹಡಗಿನ ಅಡುಗೆಯವನಾಗಿದ್ದು, ಬೆನ್ನು ನೋವು ಹಿಡಿದ ಮೇಲೆ ನೆಲಕ್ಕೆ ಇಳಿದವನು. ಮಾಸ್ತರರು ಬೆಟಗೇರಿಯ ಶಾಲೆಯಿಂದ ತಂದ ಒಂದು ಪದ್ಧತಿ ಇತ್ತು, ನಾವು ಅದಕ್ಕೆ ಹೆಸರು ಹೊರುವುದು ಎನ್ನುತ್ತಿದ್ದೆವು. ಹೊಸ ವರ್ಷದ ದಿನ ಸುವಾರ್ತೆಯ ಹೆಸರುಗಳನ್ನು ಚೀಟಿಯಲ್ಲಿ ಬರೆದು ಅವ್ವನ ಸಾಸಿವೆ ಡಬ್ಬಿಗೆ ಹಾಕಿ ಎತ್ತುವುದು. ಎತ್ತಿದ ಹೆಸರನ್ನು ವರ್ಷವಿಡೀ ಹೊರಬೇಕು. ಓದಿನಲ್ಲಿ ಆ ಮನುಷ್ಯ ಬಂದಾಗ ಹೆಸರು ಹೊತ್ತವನಿಗೆ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಅವನು ನಾನು ಎಂದೇ ಉತ್ತರ ಹೇಳಬೇಕು, "ಅವ ಹಂಗ ಮಾಡಿದ" ಎಂದು ಜಾರಿಕೊಳ್ಳುವಂತಿಲ್ಲ. ಒಂದು ವರ್ಷ ಲಾರೆನ್ಸ್ ಮಾಮನಿಗೆ ಗುರುವನ್ನು ಹಿಡಿದುಕೊಟ್ಟ ಯೂದ ಬಂದ. "ಎಂತ ಮಾರಾಯ್ರೆ ಇದು, ವರ್ಷ ಪೂರ್ತಿ ನನ್ನ ಮುಖ ನೋಡಿ ನೀವೆಲ್ಲ ಊಟ ಮಾಡುದಾ?" ಎಂದು ಅವನು ಡಬ್ಬಿ ಎತ್ತಿಕೊಂಡು ಇನ್ನೊಮ್ಮೆ ಅಲ್ಲಾಡಿಸಲು ಹೋದಾಗ, ಅವ್ವ ಕಸಿದುಕೊಂಡು, "ಬಂದದ್ದು ಹೊರ್ರಿ, ರೊಟ್ಟಿ ಮಾತ್ರ ಎಲ್ಲಾರಿಗೂ ಒಂದ" ಎಂದಳು.

ಅಪ್ಪ ಮಾತ್ರ ಚೀಟಿ ಎತ್ತುತ್ತಿರಲಿಲ್ಲ. ಪೇತ್ರ ಅವನದೇ. ಮಾಸ್ತರರು ಯಾವಾಗ ಕೊಟ್ಟರೋ, ಇವನೇ ಇಟ್ಟುಕೊಂಡನೋ, ಅಂತೂ ಎಲ್ಲರೂ ಒಪ್ಪಿಕೊಂಡಿದ್ದರು. ದೊಡ್ಡ ದನಿ, ಮುಂದೆ ಬೀಳುವ ಸ್ವಭಾವ, ಯೋಚನೆಗಿಂತ ಮೊದಲು ಮಾತು. ಮಾಸ್ತರರು ಅವನನ್ನು ಓದಿನ ಹೊರಗೂ ಪೇತ್ರನ ಹಳೆಯ ಹೆಸರಿನಿಂದ ಸೀಮೋನ ಎಂದೇ ಕರೆಯುತ್ತಿದ್ದರು. ಪೇತ್ರ ಗುರುವಿನ ಕಡೆಗೆ ನೀರಿನ ಮೇಲೆ ನಡೆದ ಕಥೆ ಬಂದಾಗ ಲಾರೆನ್ಸ್ ಮಾಮ ಕೆಣಕುತ್ತಿದ್ದ, "ಸೀಮೋನಣ್ಣ, ಮುಳುಗಿದಿರಲ್ಲ? ನಾನು ಹಡಗಿನವ, ಕೇಳ್ತೇನೆ, ಈಜು ಬಾರದವ ನೀರಿಗೆ ಇಳಿಯುದ್ಯಾಕೆ?" ಅಪ್ಪ ಮೇಜು ಗುದ್ದಿ ಹೇಳುತ್ತಿದ್ದ, "ಮುಳುಗಿದ್ದು ಆಮ್ಯಾಲೆ. ಮೊದಲ ಒಂದೆರಡು ಹೆಜ್ಜಿ ನೀರ ಮ್ಯಾಲೆ ನಡದೇನಲ್ಲ, ಅದನ್ನ ಯಾರೂ ಹೇಳಂಗಿಲ್ಲ ನೋಡ! ಉಳದಾವ್ರೆಲ್ಲಾ ದೋಣ್ಯಾಗ ಬೆಚ್ಚಗ ಕುಂತಿದ್ರಿ." ಮಾಸ್ತರರು ಕಣ್ಣು ಮುಚ್ಚಿ ನಗುತ್ತಿದ್ದರು. ನಾನು ಅಪ್ಪನ ಒರಟು ಕೈ ನೋಡುತ್ತ ಕೂತಿರುತ್ತಿದ್ದೆ. ಆ ಕಪ್ಪು ನೀರು, ಆ ಗಾಳಿ, ಒಬ್ಬನ ಕಣ್ಣನ್ನೇ ದಾರಿ ಮಾಡಿಕೊಂಡು ಅಲೆಯ ಮೇಲೆ ಇಟ್ಟ ಆ ಮೊದಲ ಹೆಜ್ಜೆ, ಎಲ್ಲ ನಮ್ಮ ಮೇಜಿನ ಮೇಲೆಯೇ ನಡೆದಂತಿರುತ್ತಿತ್ತು.

ಆದರೆ ಗುರುವನ್ನು ಹಿಡಿದುಕೊಂಡು ಹೋದ ರಾತ್ರಿಯ ಓದು ಬಂದಾಗ ಅಪ್ಪ ಎದ್ದು ಚಹಾಕ್ಕೆ ನೀರಿಡುತ್ತಿದ್ದ. ಮಹಾಯಾಜಕನ ಅಂಗಳ, ಚಳಿ, ಆಳುಗಳು ಹಾಕಿಕೊಂಡ ಇದ್ದಲಿನ ಬೆಂಕಿ. ಅದರ ಮುಂದೆ ಕೈ ಕಾಯಿಸಿಕೊಳ್ಳುತ್ತ ನಿಂತ ಪೇತ್ರನನ್ನು ಕೆಲಸದ ಹುಡುಗಿಯೊಬ್ಬಳು ಗುರುತಿಸುತ್ತಾಳೆ, ಅವನು ಆ ಮನುಷ್ಯನನ್ನು ನಾನರಿಯೆ ಎಂದು ಮೂರು ಸಲ ಹೇಳಿ, ಆಮೇಲೆ ಹೊರಗೆ ಹೋಗಿ ಅಳುತ್ತಾನೆ. ಇದಕ್ಕೆ ಯಾರು ಪ್ರಶ್ನೆ ಕೇಳಿದರೂ ಅಪ್ಪ ಒಲೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಒಂದು ವರ್ಷ ಮಾತ್ರ ತಿರುಗಿ, "ನಾ ಆಗಿದ್ರ ಹಂಗ ಅಂತಿರಲಿಲ್ಲ" ಎಂದ. ಮಾಸ್ತರರು ಮೆಲ್ಲಗೆ, "ಅವನೂ ಮೊದಲ ಹಂಗ ಅಂದಿದ್ದ, ಸೀಮೋನ" ಎಂದರು. ಅಪ್ಪನಿಗೆ ಸಿಟ್ಟು ಬಂತು, ಚಹಾ ಉಕ್ಕಿತು, ಮಾತು ಅಲ್ಲಿಗೆ ಮುಗಿಯಿತು.

ಆಗ ನಾನು ನಾಲ್ಕನೆಯ ತರಗತಿಯಲ್ಲಿದ್ದೆ. ಈ ದೇಶದಲ್ಲಿ ನಾಲ್ಕನೆಯ ತರಗತಿ ಎಂದರೆ ದಾರಿ ಕವಲೊಡೆಯುವ ಜಾಗ. ಒಂದು ದಾರಿ ಗಿಮ್ನಾಸಿಯುಂ ಎಂಬ ಶಾಲೆಗೆ, ಅಲ್ಲಿಂದ ನೇರ ವಿಶ್ವವಿದ್ಯಾಲಯಕ್ಕೆ. ಇನ್ನೊಂದು ದಾರಿ ಬೇಗ ಓದು ಮುಗಿಸಿ ಕೈಕೆಲಸಕ್ಕೆ. ಹತ್ತು ವರ್ಷದ ಮಗು ಯಾವ ಕಡೆ ಹೋಗಬೇಕೆಂದು ಕ್ಲಾಸ್ ಟೀಚರು ಅಭಿಪ್ರಾಯ ಕೊಡುತ್ತಾರೆ. ನಮ್ಮ ವಂಶದಲ್ಲಿ ಏಳನೇ ತರಗತಿ ದಾಟಿದವರಿರಲಿಲ್ಲ. ಮಾಸ್ತರರಿಗೆ ಇದೆಲ್ಲ ಗೊತ್ತಿದ್ದುದರಿಂದ ಎರಡು ವರ್ಷದಿಂದ ಪ್ರತಿ ಸಂಜೆ ಚರ್ಚನ್ನು ಬೆಚ್ಚಗಿಡುವ ಬಾಯ್ಲರ್ ಕೋಣೆಯಲ್ಲಿ ನನ್ನನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಲೆಕ್ಕ ಜರ್ಮನ್ನಿನಲ್ಲಿ, ಓದು ಕನ್ನಡದಲ್ಲಿ. ಒಂದು ನಾಲಿಗೆ ನೆಟ್ಟಗಾದರೆ ಇನ್ನೊಂದು ತಾನೇ ನೆಟ್ಟಗಾಗುತ್ತದೆ ಎಂದು ಅವರ ನಂಬಿಕೆ. ನಾನು ಇವತ್ತು ಈ ಅಕ್ಷರಗಳನ್ನು ಬರೆಯುತ್ತಿದ್ದರೆ ಅದು ಆ ಬಾಯ್ಲರಿನ ಪಕ್ಕದ ಬೆಂಚಿನ ಮೇಲೆ ಸಂಪಾದಿಸಿದ್ದು. ಯಾರೂ ಪುಕ್ಕಟೆ ಕೊಟ್ಟದ್ದಲ್ಲ.

ಚಳಿಗಾಲ ಮುಗಿಯುತ್ತ ಬಂದಾಗ ಶಾಲೆಯಿಂದ ಅಪ್ಪನಿಗೆ ಕರೆ ಬಂತು. ಅಪ್ಪ ಗಡ್ಡ ಹೆರೆದು, ಮದುವೆಯ ಕೋಟು ತೊಟ್ಟ. ಒಬ್ಬನೇ ಹೋಗಲು ಧೈರ್ಯವಿಲ್ಲದೆ ಮಾಸ್ತರರನ್ನು ಕರೆದ. ಅವರು ಮೆಟ್ಟಿಲ ಹಿಮ ಎಳೆಯುತ್ತಿದ್ದವರು ಅದೇ ಮಣ್ಣು ಮೆತ್ತಿದ ಬೂಟು, ಮೊಣಕೈ ಹರಿದ ಕೆಲಸದ ಕೋಟಿನಲ್ಲೇ ಬಂದರು. ಒಳಗೆ ತಂದೆ ಮಗಳಿಗೆ ಮಾತ್ರ ಕುರ್ಚಿ ಹಾಕಿದ್ದರು, ಹಾಗಾಗಿ ಮಾಸ್ತರರು ಹೊರಗೆ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಕೂತರು. ಬಾಗಿಲು ತೆರೆದೇ ಇತ್ತು. ಟೀಚರು ಕೆಟ್ಟವರಲ್ಲ, ದಣಿದಿದ್ದರು. ಹುಡುಗಿ ತರಗತಿಯಲ್ಲಿ ಮಾತಾಡುವುದಿಲ್ಲ, ಪುಸ್ತಕದ ಅಂಚಿನಲ್ಲಿ ಏನೋ ಬೇರೆ ಲಿಪಿ ಬರೆಯುತ್ತಾಳೆ, ಮನೆಯಲ್ಲಿ ಯಾರೋ ಧರ್ಮದ ಪಾಠ ಹೇಳಿ ಮಗುವಿನ ತಲೆ ಕೆಡಿಸುತ್ತಿರುವ ಹಾಗಿದೆ, ಹೀಗಿದ್ದರೆ ಗಿಮ್ನಾಸಿಯುಮಿಗೆ ಕಳಿಸಿ ಎನ್ನುವುದು ನನಗೆ ಕಷ್ಟ ಎಂದರು. ಅಪ್ಪನ ಕಿವಿ ಕೆಂಪಾದದ್ದು ನನಗೆ ಕಾಣುತ್ತಿತ್ತು. ಆಮೇಲೆ ಅವರು ತೆರೆದ ಬಾಗಿಲಿನ ಕಡೆ ನೋಡಿ ಕೇಳಿದರು, ಅಲ್ಲಿ ಕೂತಿರುವ ಮುದುಕರು ನಿಮ್ಮ ಕಡೆಯವರೇ? ಪಾಠ ಹೇಳುವವರು ಅವರೇ ಏನು?

ಅಪ್ಪ ಬಾಗಿಲಿನ ಕಡೆ ನೋಡಲಿಲ್ಲ. ಇಲ್ಲ, ಅವರು ಯಾರೋ ನನಗೆ ಗೊತ್ತಿಲ್ಲ ಎಂದ. ಜರ್ಮನ್ನಿನಲ್ಲಿ, ತಡವರಿಸದೆ ಹೇಳಿದ. ಆ ಜರ್ಮನ್ ಕಲಿಸಿದವರೂ ಮಾಸ್ತರರೇ.

ಮೂರು ಸಲ ಹೇಳುವ ಅಗತ್ಯ ಬೀಳಲಿಲ್ಲ. ಒಂದೇ ಸಲಕ್ಕೆ ಕೆಲಸ ಮುಗಿಯಿತು. ಮಾಸ್ತರರು ಬೆಂಚಿನ ಮೇಲಿಂದ ತಿರುಗಿ ಅಪ್ಪನನ್ನು ನೋಡಿದರು. ಆ ನೋಟವನ್ನು ನಾನು ಕಂಡೆ. ಅದರಲ್ಲಿ ಸಿಟ್ಟಿರಲಿಲ್ಲ, ಅಯ್ಯೋ ಎನ್ನುವುದೂ ಇರಲಿಲ್ಲ. ನೀರಿಗೆ ಬಿದ್ದವನನ್ನು ದಡದ ಮೇಲಿದ್ದವನು ಎಲ್ಲಿದ್ದಾನೆಂದು ಹುಡುಕುವ ಹಾಗೆ ನೋಡಿದರು. ಆಮೇಲೆ ಟೊಪ್ಪಿಗೆ ಹಾಕಿಕೊಂಡು, ಮೊಣಕಾಲಿನ ಮೇಲೆ ಕೈ ಊರಿ ಎದ್ದು ಹೋದರು. ಅಂಗಳದಲ್ಲಿ ಗುರು ಪೇತ್ರನ ಕಡೆ ತಿರುಗಿ ನೋಡಿದನು ಎಂಬ ಒಂದು ಮಾತು ಸುವಾರ್ತೆಯಲ್ಲಿದೆ, ನಾವು ಅದನ್ನು ಎಷ್ಟೋ ಸಲ ಓದಿ ದಾಟಿದ್ದೆವು. ಆ ಸಂಜೆ ನನಗೆ ಮೊದಲ ಸಲ ಅದರ ಭಾರ ಗೊತ್ತಾಯಿತು.

ಮನೆಗೆ ಬಂದು ಅಪ್ಪ ಕೋಟು ಬಿಚ್ಚದೆ ಮೇಜಿನ ಮುಂದೆ ಕೂತ. ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಏನಂದ್ರು ಸಾಲಿ ಬಾಯಾರು?"

"ಅವ್ರೇನಂದ್ರೂ ಇರಲಿ. ನಾ ಏನಂದೆ ಕೇಳು. ಮಾಸ್ತರು ಯಾರೋ ಗೊತ್ತಿಲ್ಲ ಅಂದೆ."

ಬಡಿಯುವ ಸದ್ದು ನಿಂತಿತು. "ಯಾಕ್ರೀ?"

"ಮಗಳಿಗೆ ಸಾಲಿ ತಪ್ಪತೈತಿ ಅಂತ." ಆಮೇಲೆ, "ಅದೂ ಅಲ್ಲ. ಅಂಜಿದೆ. ಅಷ್ಟ" ಎಂದ. ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ಯಾರೂ ತೆಗೆಯಲಿಲ್ಲ.

ಮುಂದಿನ ಭಾನುವಾರದಿಂದ ಅಪ್ಪ ಕೇಳಿ ಕೇಳಿ ಭಾನುವಾರ ಸಂಜೆಯ ಪಾಳಿ ಹಾಕಿಸಿಕೊಂಡ. ಓದು ನಮ್ಮ ಮನೆಯಲ್ಲೇ, ಮನೆಯವನೇ ಇಲ್ಲ. ಮಾಸ್ತರರು ಎಂದಿನಂತೆ ಬಂದು, ಬೂಟು ಬಾಗಿಲಲ್ಲಿ ಬಿಟ್ಟು, "ಸೀಮೋನ ಎಲ್ಲಿ?" ಎಂದು ಕೇಳುತ್ತಿದ್ದರು. ಅವ್ವ ನೆಲ ನೋಡುತ್ತ, "ಕೆಲಸಕ್ಕ ಹೋಗ್ಯಾರ್ರೀ" ಎನ್ನುತ್ತಿದ್ದಳು. "ಹೂಂ. ಮೀನಿಗೆ ಹೋದ ಅನ್ನು" ಎಂದು ಅವರೇ ನಗುತ್ತಿದ್ದರು. ಗುರುವನ್ನು ಕಳೆದುಕೊಂಡ ಪೇತ್ರ ಏನು ಮಾಡಬೇಕೆಂದು ತೋಚದೆ ಮತ್ತೆ ಮೀನು ಹಿಡಿಯಲು ಹೋದನಲ್ಲ, ಆ ಮಾತು. ಲಾರೆನ್ಸ್ ಮಾಮನಿಗೂ ಸುದ್ದಿ ಗೊತ್ತಾಗಿತ್ತು. ತಮಾಷೆಯ ಮನುಷ್ಯ, ಆ ದಿನಗಳಲ್ಲಿ ಒಂದು ತಮಾಷೆಯನ್ನೂ ಮಾಡಲಿಲ್ಲ. ನನ್ನ ಪಾಠವೂ ನಿಂತುಹೋಯಿತು. ಅಪ್ಪ ಬೇಡ ಎನ್ನಲಿಲ್ಲ, ನನಗೇ ಬಾಯ್ಲರ್ ಕೋಣೆಗೆ ಕಾಲು ಏಳಲಿಲ್ಲ. ಶಾಲೆಗೆ ಹೆಸರು ಬರೆಸುವ ದಿನ ಹತ್ತಿರವಾಗುತ್ತಿತ್ತು. ಮಾಸ್ತರರು ಕೈತಪ್ಪಿದರೆ ಅವರ ಜೊತೆಗೇ ನನ್ನ ಓದೂ ಹೋಯಿತು ಎಂಬುದು ನನಗೆ ಸ್ಪಷ್ಟವಾಗಿತ್ತು. ಅದಕ್ಕಿಂತ ದೊಡ್ಡ ದುಃಖ ಬೇರೆ ಇತ್ತು. ನಮ್ಮ ಅಪ್ಪ ಮನೆಯಲ್ಲಿ ದನಿ ಎತ್ತುವುದನ್ನೇ ಬಿಟ್ಟಿದ್ದ. ದೊಡ್ಡ ದನಿಯ ಮನುಷ್ಯ ಪಿಸುಗುಟ್ಟುವುದನ್ನು ಕೇಳುವುದು ಮಕ್ಕಳಿಗೆ ಬಹಳ ಕಷ್ಟ.

ಈಸ್ಟರ್ ಕಳೆದ ಮೇಲಿನ ಭಾನುವಾರ ನಮ್ಮವರೆಲ್ಲ ಬೆಳಿಗ್ಗೆ ಎಲ್ಬೆ ದಂಡೆಗೆ ಹೋಗಿ, ಮೀನು ಸುಟ್ಟು ತಿಂದು, ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ ಓದುವ ರೂಢಿ ಇತ್ತು. ಮೀನು ತರುವುದು, ಬೆಂಕಿ ಹಾಕುವುದು ಎರಡೂ ಅಪ್ಪನ ಕೆಲಸ. ಆ ವರ್ಷ ಅವನು ಮಂಚ ಬಿಟ್ಟು ಏಳಲಿಲ್ಲ. ಅವ್ವ ಅವನ ಕೋಟನ್ನು ಎದೆಯ ಮೇಲೆ ಹಾಕಿ, "ಜನ ಉಪಾಸ ಕುಂದ್ರತಾರ. ಮೀನು ಕೊಟ್ಟು ಬರ್ರಿ, ಮಾತಾಡಬ್ಯಾಡ್ರಿ" ಎಂದಳು. ಹಾಗೆ ಹೇಳಿ ಹೊರಡಿಸಿದಳು. ಅಪ್ಪ ಹೆರಿಂಗ್ ಮೀನಿನ ಚೀಲ ಹಿಡಿದು, ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವನು ಅವತ್ತು ಎಲ್ಲರಿಗಿಂತ ಹಿಂದೆ ಬಂದ.

ಮಂಜು ಇನ್ನೂ ನೀರಿನ ಮೇಲಿತ್ತು. ದಂಡೆಯಲ್ಲಿ ಹೊಗೆ ಏಳುತ್ತಿರುವುದು ದೂರದಿಂದಲೇ ಕಂಡಿತು. ಹತ್ತಿರ ಹೋದರೆ ಮಾಸ್ತರರು ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ಇದ್ದಲು ಊದುತ್ತಿದ್ದರು. ಜೀವಮಾನದಲ್ಲಿ ಒಲೆ ಮುಟ್ಟದ ಮನುಷ್ಯ. ಕಣ್ಣು, ಮೂಗು ಎಲ್ಲ ಸೋರುತ್ತಿತ್ತು, ಹಣೆಗೆ ಮಸಿ. ಕೆಂಡದ ಮೇಲೆ ಆಗಲೇ ಎರಡು ಮೀನು ಇದ್ದವು, ಪಕ್ಕದಲ್ಲಿ ಒಂದು ರೊಟ್ಟಿಯ ತುಂಡು. ಲಾರೆನ್ಸ್ ಮಾಮ ತಡೆಯಲಾರದೆ ಹೇಳಿದ, "ಅಯ್ಯೋ ಮಾಸ್ತರೇ, ಈ ಮೀನು ಒಂದು ಬದಿ ಮೀನು, ಇನ್ನೊಂದು ಬದಿ ಇದ್ದಲು ಆಗಿ ಉಂಟಲ್ಲ!" ಮಾಸ್ತರರು ನಮ್ಮ ಹಿಂದೆ ನಿಂತವನನ್ನು ನೋಡಿ, ಏನೂ ಆಗಿಯೇ ಇಲ್ಲವೇನೋ ಎಂಬಂತೆ, "ನನಗ ತಿರುವಾಕ ಬರಂಗಿಲ್ಲಪಾ ಸೀಮೋನ. ನೀ ತಂದಿದ್ದರಾಗ ಒಂದೆರಡು ಇಡು. ಬಾ, ಮೊದಲ ತಿನ್ನೂಣು" ಎಂದರು.

ಅಪ್ಪ ಬಂದು ಮಂಡಿ ಊರಿದ. ಮೀನು ತಿರುವುವ ಕೆಲಸ ಅವನ ಕೈಗೆ ತಾನೇ ಗೊತ್ತಿತ್ತು. ನಾವು ಸುತ್ತ ಕೂತು ತಿಂದೆವು. ಸೀದ ಎರಡು ಮೀನನ್ನು ಮಾಸ್ತರರೂ ಅಪ್ಪನೂ ಹಂಚಿಕೊಂಡರು. ಬಹಳ ವರ್ಷದ ಮೇಲೆ ಆ ಸುವಾರ್ತೆಯನ್ನು ನಾನೇ ಕೂತು ಓದುವಾಗ ಕಣ್ಣಿಗೆ ಬಿತ್ತು: ಪೇತ್ರ ಗುರುವನ್ನು ಅರಿಯೆನೆಂದದ್ದು ಇದ್ದಲಿನ ಬೆಂಕಿಯ ಮುಂದೆ. ಸತ್ತು ಎದ್ದುಬಂದ ಗುರು ಅವನಿಗಾಗಿ ದಂಡೆಯಲ್ಲಿ ಹಾಕಿಕೊಂಡು ಕಾದದ್ದೂ ಇದ್ದಲಿನ ಬೆಂಕಿ. ಸೋತ ಜಾಗವನ್ನೇ ಮತ್ತೆ ಕಟ್ಟಿ, ಅಲ್ಲಿ ಊಟಕ್ಕೆ ಕೂರಿಸುವುದು! ಲೋಕದಲ್ಲಿ ತಪ್ಪು ಮಾಡಿದವರನ್ನು ಕರೆಸುವವರು ಬಹಳ ಜನರಿದ್ದಾರೆ. ಕರೆಸಿ ಮೊದಲು ತಿನ್ನಲು ಕೊಡುವವರನ್ನು ನಾನು ಆ ದಂಡೆಯ ಹೊರತು ಇನ್ನೆಲ್ಲೂ ಕಂಡಿಲ್ಲ.

ತಿಂದಾದ ಮೇಲೆ ಓದು. ಗುರು ಪೇತ್ರನನ್ನು ಮೂರು ಸಲ ಕೇಳುವ ಜಾಗ ಬಂದಾಗ ಮಾಸ್ತರರು ಪುಸ್ತಕವನ್ನು ತೊಡೆಯ ಮೇಲಿಟ್ಟರು. ನಮ್ಮ ಪದ್ಧತಿಯಂತೆ ಹೆಸರು ಹೊತ್ತವನನ್ನು ಕೇಳಬೇಕು.

"ಸೀಮೋನ, ನನ್ನ ಮ್ಯಾಲೆ ಪ್ರೀತಿ ಐತೇನು?"

ಲಾರೆನ್ಸ್ ಮಾಮ ಆಚೆ ದಡದ ಕ್ರೇನು ನೋಡತೊಡಗಿದ. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಪ್ಪ ಕೆಂಡದಲ್ಲಿ ಕಡ್ಡಿ ಆಡಿಸಿದ. ಮಾಸ್ತರರು ಮತ್ತೆ ಕೇಳಿದರು. ಇನ್ನೂ ಒಮ್ಮೆ ಕೇಳಿದಾಗ ಅಪ್ಪ ಮೊದಲಿನ ದೊಡ್ಡ ದನಿಯಲ್ಲಿ, ಅಳುತ್ತ, ಬೈಯುವ ಹಾಗೆ ಕೂಗಿಬಿಟ್ಟ, "ಎಷ್ಟ ಕೇಳ್ತೀರಿ ಮಾಸ್ತರ! ನಿಮಗೆಲ್ಲಾ ಗೊತ್ತೈತಿ. ನಾ ಎಂಥಾವ ಅನ್ನೂದೂ ಗೊತ್ತೈತಿ, ಪ್ರೀತಿ ಐತಿ ಅನ್ನೂದೂ ಗೊತ್ತೈತಿ!" ನಾಯಿ ತಿರುಗಾಡಿಸುತ್ತಿದ್ದ ಒಬ್ಬ ಜರ್ಮನ್ ಮುದುಕ ನಿಂತು ನೋಡಿದ.

"ಗೊತ್ತೈತಿ" ಎಂದರು ಮಾಸ್ತರರು. "ಹಂಗಾದರ ನಾಳಿಂದ ಈಕಿ ಪಾಠ ನೀ ಕೇಳು."

"ನಾನಾ? ಏಳನೇತ್ತ ಬಿಟ್ಟಾವ್ರಿ ನಾ!"

"ಬಿಟ್ಟಾಗ ನಾನ ಅಲ್ಲೇನು ಮಾಸ್ತರ ಇದ್ದದ್ದು? ಕಲಿಸು ಅನ್ನಲಿಲ್ಲ. ಕೇಳು ಅಂದೆ. ನಾ ಹೇಳಿಕೊಡತೇನಿ, ರಾತ್ರಿ ನೀ ಎದುರಿಗೆ ಕುಂತು ಕೇಳು. ಮರಿ ನಿಂದು, ಮೇಸಬೇಕಾದಾವ ನೀನ."

ಮರುದಿನ ಅಪ್ಪ ಕೆಲಸದ ಅಂಗಿಯಲ್ಲೇ, ಮಾಸ್ತರರ ಕೈ ಹಿಡಿದುಕೊಂಡು ಶಾಲೆಗೆ ಹೋದ. ಇವರು ನನ್ನ ಗುರುಗಳು, ನನ್ನ ಮಗಳಿಗೂ ಗುರುಗಳು, ಆವತ್ತು ಅಂಜಿ ಸುಳ್ಳು ಹೇಳಿದೆ, ಮಗಳನ್ನು ಗಿಮ್ನಾಸಿಯುಮಿಗೇ ಕಳಿಸುತ್ತೇನೆ ಎಂದ. ಟೀಚರು ಬಹಳ ಹೊತ್ತು ಇಬ್ಬರನ್ನೂ ನೋಡಿ, ಎದ್ದು ಮಾಸ್ತರರಿಗೆ ಕೈ ಕೊಟ್ಟರು. ಕಷ್ಟವಾಗುತ್ತದೆ, ಆದರೆ ಆಯ್ಕೆ ನಿಮ್ಮದು ಎಂದರು. ಕಷ್ಟವಾಯಿತು, ಸುಳ್ಳಲ್ಲ.

ಅಲ್ಲಿಂದ ಮುಂದೆ ಎಷ್ಟೋ ವರ್ಷ ಅಪ್ಪ ನನ್ನ ಎದುರಿಗೆ ಕೂತು ಪಾಠ ಕೇಳಿದ. ಬೀಜಗಣಿತ, ಭೌತಶಾಸ್ತ್ರ, ಲ್ಯಾಟಿನ್. ಒಂದಕ್ಷರವೂ ಅವನಿಗೆ ತಿಳಿಯುತ್ತಿರಲಿಲ್ಲ. ಮೀನಿನ ವಾಸನೆಯ ಕೈ ಗದ್ದಕ್ಕೆ ಊರಿ, "ಮುಂದ?" ಎನ್ನುತ್ತಿದ್ದ. ನಾನು ಎಲ್ಲಾದರೂ ತೇಲಿಸಿದರೆ ತಕ್ಷಣ ಹಿಡಿಯುತ್ತಿದ್ದ: "ತಡಿ. ಇಲ್ಲಿ ನಿನ್ನ ದನಿ ಸಣ್ಣಾತು. ತಿಳದಿಲ್ಲ ನಿನಗ. ಹೊಳ್ಳಿ ಓದು." ಅಂಜಿದ ದನಿ ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಒಮ್ಮೆ ನಾನು ಮಾಸ್ತರರನ್ನು ಕೇಳಿದೆ, ಯೋಹಾನ ಶಾಣ್ಯಾ, ಓಡಿಹೋಗದೆ ಶಿಲುಬೆಯ ಬುಡದಲ್ಲಿ ನಿಂತವನು, ಪರಲೋಕದ ಕೀಲಿ ಅವನಿಗೆ ಸಿಗದೆ ಪೇತ್ರನಿಗೇಕೆ ಸಿಕ್ಕಿತು ಎಂದು. ಅವರು ಬಾಯ್ಲರಿನ ಬಾಗಿಲು ಮುಚ್ಚುತ್ತ ಹೇಳಿದರು, "ಹೊರಗ ನಿಂತು ಅತ್ತಾವನ ಕೈಯಾಗ ಕೀಲಿ ಕೊಟ್ಟರ, ಅವ ಯಾರ ಮುಂದೂ ಬಾಗಿಲ ಹಾಕಂಗಿಲ್ಲವಾ."

ನಾನು ಎಂಜಿನಿಯರಾದೆ. ನಮ್ಮ ವಂಶದಲ್ಲಿ ಮೊದಲ ಪದವಿ ನನ್ನದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕಟ್ಟಡಗಳ ತಳಪಾಯ ನನ್ನ ಕೆಲಸ. ಹ್ಯಾಂಬರ್ಗಿನ ನೆಲದಲ್ಲಿ ಬಂಡೆಯಿಲ್ಲ, ಮರಳು, ಕೆಸರು. ಗೋಪುರ ಎಬ್ಬಿಸುವ ಮೊದಲು ಮೆತ್ತಗಿನ ನೆಲಕ್ಕೆ ಆಳವಾಗಿ ಕಂಬಗಳನ್ನು ಇಳಿಸುತ್ತೇವೆ. ಪ್ರತಿ ಸಲವೂ ನನಗೆ ಅದೇ ಬೆರಗು. ಆ ಗುರು ಸೀಮೋನನಿಗೆ ಪೇತ್ರ, ಅಂದರೆ ಬಂಡೆ, ಎಂದು ಹೆಸರಿಟ್ಟು ನಿನ್ನ ಮೇಲೆ ನನ್ನ ಸಭೆ ಕಟ್ಟುವೆನೆಂದಾಗ ಅವನು ಮೆತ್ತಗಿನ ಮಣ್ಣು ಎಂದು ತಿಳಿದಿರಲಿಲ್ಲವೇ? ತಿಳಿದೇ ಹೇಳಿದ. ಬೀಳುವುದನ್ನು ಮೊದಲೇ ಕಂಡೂ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಯಾವ ಲೆಕ್ಕದಿಂದಲೂ ನಾನು ಇದನ್ನು ಬಿಡಿಸಲಾರೆ.

ಆ ಮನೆ ಈಗಿಲ್ಲ. ಹಿಂಬದಿಯ ಕಟ್ಟಡ ಕೆಡವಿ ಗಾಜಿನ ಕಟ್ಟಡ ಎಬ್ಬಿಸಿದ್ದಾರೆ. ಲಾರೆನ್ಸ್ ಮಾಮ ಉಡುಪಿಗೆ ಮರಳಿ ಅಲ್ಲೇ ತೀರಿಕೊಂಡ. ನಾನು ವಿಶ್ವವಿದ್ಯಾಲಯದಲ್ಲಿದ್ದಾಗ ಮಾಸ್ತರರು ಹೋದರು. ಮಣ್ಣು ಹಾಕುವಾಗ ಪಾದ್ರಿಗಳು ಇವರ ಸಂಬಂಧಿಕರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಅಷ್ಟು ಜನರ ನಡುವಿನಿಂದ ಅಪ್ಪ ಗಟ್ಟಿಯಾಗಿ, ನಾನು ಇದ್ದೇನೆ ಎಂದು ಮುಂದೆ ಬಂದ. ಆಮೇಲೆ ಅವ್ವ ಹೋದಳು. ಅಪ್ಪ ನನ್ನ ಮನೆಗೆ ಬಂದ.

ಯೋಹಾನನ ಆ ಕೊನೆಯ ಅಧ್ಯಾಯದಲ್ಲಿ ಪ್ರೀತಿ ಇದ್ದರೆ ನನ್ನ ಕುರಿಗಳನ್ನು ಮೇಯಿಸು ಎಂಬ ಮಾತಾದ ಮೇಲೆ ಇನ್ನೊಂದು ಮಾತಿದೆ. ಮಾಸ್ತರರು ದಂಡೆಯಲ್ಲಿ ಅದನ್ನು ಎಂದೂ ಓದಿದವರಲ್ಲ, ಅದಕ್ಕೆ ಮೊದಲೇ ಪುಸ್ತಕ ಮುಚ್ಚುತ್ತಿದ್ದರು. ಪ್ರಾಯದಲ್ಲಿ ನಿನ್ನ ನಡುವನ್ನು ನೀನೇ ಕಟ್ಟಿಕೊಂಡು ಇಷ್ಟಬಂದ ಕಡೆ ನಡೆದೆ, ಮುಪ್ಪಿನಲ್ಲಿ ನೀನು ಕೈ ಚಾಚುವೆ, ಬೇರೊಬ್ಬರು ನಿನ್ನ ನಡು ಕಟ್ಟಿ ನಿನಗೆ ಇಷ್ಟವಿಲ್ಲದ ಕಡೆ ಕರೆದುಕೊಂಡು ಹೋಗುವರು ಎಂದು ಗುರು ಪೇತ್ರನಿಗೆ ಹೇಳುವ ಮಾತು. ಅಷ್ಟು ವರ್ಷ ಮಂಜುಗಡ್ಡೆಯಲ್ಲಿ ದುಡಿದ ಅಪ್ಪನ ಬೆರಳುಗಳು ಕೊನೆಕೊನೆಗೆ ಮಡಚುತ್ತಿರಲಿಲ್ಲ. ಕೋಟಿನ ಗುಂಡಿ ನಾನು ಹಾಕಲು ಹೋದರೆ ಕೈ ತಳ್ಳಿ, "ನಾ ಹಾಕೋತೇನಿ, ಬಿಡು" ಎಂದು ಸಿಡುಕುತ್ತಿದ್ದ. ಕಳೆದ ಚಳಿಗಾಲ, ಆಸ್ಪತ್ರೆಗೆ ಸೇರಿಸಬೇಕಾದ ಬೆಳಿಗ್ಗೆ, ನಾನು ಕೋಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವನು ನನ್ನನ್ನು ನೋಡಿ, ಎರಡೂ ಕೈಗಳನ್ನು ತಾನೇ ಮುಂದೆ ಚಾಚಿದ.

"ಮಾಸ್ತರು ಇದನ್ನ ನನಗ ಓದಿ ಹೇಳಲಿಲ್ಲ ನೋಡವಾ" ಎಂದ. "ನಾನ ಹುಡಿಕಿ ಓದಿದೆ. ಆವಾಗ ಹೇಳಿದ್ರ ಅಂಜತಿದ್ದೆ, ಅದಕ್ಕ ಬಿಟ್ಟಿದ್ರು. ಈಗ ಅಂಜಿಕಿ ಇಲ್ಲ. ಹಾಕು."

ನಾನು ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದೆ. ಕತ್ತಿನ ಹತ್ತಿರದ ಗುಂಡಿಗೆ ಬಂದಾಗ ಅವನು ಚಿಕ್ಕ ಮಗುವಿನಂತೆ ಗದ್ದ ಮೇಲೆತ್ತಿ ಕೊಟ್ಟ.